ಮರಿಗಡ್ಡೆ

ಅಪ್ಪ,

ನೀವು ಹೋದ ಮೇಲೆ ಮೀನಿನ ತೊಟ್ಟಿಯನ್ನು ಯಾರಿಗಾದರೂ ಕೊಟ್ಟುಬಿಡೋಣ ಅಂದಿದ್ದೆ. ಅಮ್ಮ ಬೇಡವೆಂದಳು. ಇಷ್ಟು ವರ್ಷ ಅದನ್ನು ‘ನನ್ನ ಸವತಿ’ ಎಂದು ಬೈಯುತ್ತಿದ್ದವಳು ಅವಳೇ.

ಇವತ್ತು ಬೆಳಿಗ್ಗೆ ನೋಡಿದರೆ, ನೀವು ತೊಟ್ಟಿಯಲ್ಲಿ ನೆಟ್ಟಿದ್ದ ಆ ಈರುಳ್ಳಿಯಂಥ ಗಡ್ಡೆಯ ಪಕ್ಕದಲ್ಲಿ ಎರಡು ಮರಿಗಡ್ಡೆಗಳು ಎದ್ದಿದ್ದವು. ಇದಕ್ಕಾಗಿ ಎಷ್ಟು ಕಾದಿದ್ದಿರಿ ನೀವು. ನಾನು ಒಂದನ್ನು ಬಿಡಿಸಿ ಮರಳಿನೊಳಗೆ ಒತ್ತುತ್ತಿದ್ದೆ. ಬಾಗಿಲಲ್ಲಿ ನಿಂತಿದ್ದ ಅಮ್ಮ, “ಅಷ್ಟು ಆಳಕ್ಕೆ ಹೂಳಬೇಡ ಕಣೇ, ಕೊಳೆತು ಹೋಗುತ್ತೆ. ಗಡ್ಡೆಯ ಕುತ್ತಿಗೆ ಮರಳಿನ ಮೇಲಿರಲಿ” ಎಂದಳು.

“ನಿಂಗೆ ಹೇಗಮ್ಮ ಗೊತ್ತು?”

“ಊಟಕ್ಕೆ ಕೂತಾಗೆಲ್ಲ ನಿಮ್ಮಪ್ಪ ಅದನ್ನೇ ಹೇಳ್ತಿದ್ರಲ್ಲ. ನಂಗೇನು ಕಿವಿ ಇರಲಿಲ್ವಾ?”

ನೀವು ಹೇಳುವಾಗ ಅವಳು ತಟ್ಟೆಯಿಂದ ತಲೆಯೆತ್ತಿದ್ದನ್ನು ನಾನು ಕಂಡಿಲ್ಲ. ‘ಗೋಡೆಗೆ ಹೇಳಿದ ಹಾಗಾಯ್ತು’ ಎಂದು ನೀವು ನಗುತ್ತಿದ್ದಿರಿ.

ಅಮ್ಮ ರವಿಕೆಯ ತೋಳು ಮೇಲೇರಿಸಿಕೊಂಡು ನೀರಿಗೆ ಕೈಯಿಳಿಸಿದಳು. ಇನ್ನೊಂದು ಮರಿಯನ್ನು ಬೆರಳಲ್ಲೇ ನಿಧಾನವಾಗಿ ಬಿಡಿಸಿ, ಅರ್ಧ ಮಾತ್ರ ಹುದುಗಿಸಿ ನಿಲ್ಲಿಸಿದಳು. ಆಮೇಲೆ ಒದ್ದೆ ಕೈಯನ್ನೂ ಒರೆಸಿಕೊಳ್ಳದೆ ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತಳು.

“ಬೇರು ಹಿಡಿಯೋಕೆ ಎಷ್ಟು ದಿನ ಬೇಕೋ ಏನೋ,” ಎಂದಳು. “ಒಂದು ಸಲಾನೂ ಅವರನ್ನ ಕೇಳಲಿಲ್ಲ ನೋಡು ನಾನು.”