ಹಿಂದೆ ಹಿಂದೆ ನಡೆಯುವವರ ಹೆಸರು

ಲೊರೆಂಟ್ಸ್,

ಈ ಪತ್ರ ಹಾಕಲು ನಿನ್ನ ವಿಳಾಸ ನನ್ನಲ್ಲಿಲ್ಲ. ಹೋಗುವಾಗ ಹಳೆಯ ಕೋಟನ್ನೂ ಬಿಡದೆ ಒಯ್ದವನು ನಿನ್ನ ಮನೆತನದ ಹೆಸರೊಂದನ್ನು ಮಾತ್ರ ನನ್ನ ಮೇಲೆ ಬಿಟ್ಟುಹೋದೆ. ಇವತ್ತು ಅದನ್ನು ಒಬ್ಬರು ಊರ ಮುಂದೆ ಬಿಡಿಸಿ ಹೇಳಿದರು.

ಕೋಟೆಗೋಡೆಯ ಬದಿಯ ಓಣಿಯಲ್ಲಿ ಮುದುಕ ವೆಂಡೆಲಿನ್ ನೆರೆದ ಜನರಿಗೆ ಹಗ್ಗ ಹೊಸೆದು ತೋರಿಸುತ್ತಿದ್ದರು. ರಾಟೆ ತಿರುಗಿಸಲು ಯಾರೂ ಇಲ್ಲದೆ ನನ್ನನ್ನು ಕರೆದರು.

"ಬಾರಮ್ಮ, ನಿನ್ನ ಮನೆತನದ ಹೆಸರೇನು?"

"ಸೈಲರ್."

"ಸರಿಹೋಯ್ತು! ಸೈಲ್ ಅಂದ್ರೆ ಹಗ್ಗ, ಸೈಲರ್ ಅಂದ್ರೆ ಹಗ್ಗ ಹೊಸೆಯೋನು. ಇಂಥ ಹೆಸರಿಟ್ಕೊಂಡು ರಾಟೆ ಮುಟ್ಟಿಲ್ವಾ?"

"ಹೆಸರು ನನ್ನ ಗಂಡಂದು."

ಅವರು ಸೊಂಟಕ್ಕೆ ಸೆಣಬಿನ ನಾರು ಸುತ್ತಿಕೊಂಡು, ಅದರ ಎಳೆಯೊಂದನ್ನು ರಾಟೆಯ ಕೊಕ್ಕೆಗೆ ಸಿಕ್ಕಿಸಿ, ಹಿಂದೆ ಹಿಂದೆ ಹೆಜ್ಜೆಯಿಡುತ್ತಾ ಹೋದರು. ನಾನು ತಿರುಗಿಸಿದಷ್ಟೂ ಹುರಿ ಉದ್ದವಾಯಿತು. ಅವರು ದೂರವಾಗುತ್ತಿದ್ದರೂ ಮುಖ ಮಾತ್ರ ನನ್ನ ಕಡೆಗೇ ಇತ್ತು.

"ನೋಡಿದ್ಯಾ?" ಎಂದು ಅಲ್ಲಿಂದಲೇ ಕೂಗಿದರು. "ನಮ್ಮ ಕಸುಬಿನೋರು ಬೆನ್ನು ತೋರ್ಸಿ ಹೋಗಲ್ಲ. ಎಲ್ಲಮ್ಮ ನಿನ್ ಗಂಡ?"

"ಬಿಟ್ಟುಹೋದ."

"ಹೆಂಗೆ ಹೋದ? ಹಿಂದೆ ಹಿಂದೆ ನಡ್ಕೊಂಡಾ?"

ಜನ ನಕ್ಕರು. ನಾನೂ ನಕ್ಕೆ. ರಾಟೆಯನ್ನು ಮಾತ್ರ ನಿಲ್ಲಿಸಲಿಲ್ಲ. ಕೈಬಿಟ್ಟರೆ ಅಷ್ಟೂ ಹುರಿ ಬಿಚ್ಚಿಕೊಳ್ಳುತ್ತದೆ.

ಅವರ ಪ್ರಶ್ನೆಗೆ ಉತ್ತರ ನನಗೆ ಗೊತ್ತಿಲ್ಲ, ಲೊರೆಂಟ್ಸ್. ಆ ದಿನ ನೀನು ತೋಟದ ಗೇಟು ದಾಟುವ ಮೊದಲೇ ನಾನು ಬಾಗಿಲು ಹಾಕಿಕೊಂಡಿದ್ದೆ.

ಹೆಡ್ವಿಗ್ ಸೈಲರ್