ಹೊನ್ನೂರಮ್ಮನ ಅರ್ಜಿ ಯಾವ ರಾಜ್ಯಕ್ಕೆ?

ಮಸ್ಕಿ, ೧೨ ಆಗಸ್ಟ್ ೨೦೨೫, ಮಂಗಳವಾರ

ಹೊನ್ನೂರಮ್ಮನ ಅರ್ಜಿ ಮೂರನೆಯ ಸಲವೂ ವಾಪಸ್ ಬಂತು. ಬೆಳಿಗ್ಗೆ ನನ್ನ ಆನ್‌ಲೈನ್ ಸೆಂಟರಿನ ಬಾಗಿಲು ತೆಗೆಯುವ ಮೊದಲೇ ಬಳಗಾನೂರಿನ ಬಸ್ಸಿಗೆ ಬಂದು ಮೆಟ್ಟಿಲ ಮೇಲೆ ಕೂತಿದ್ದರು.

ಅವರ ಗಂಡ ಪಂಪಣ್ಣ ಗಡಿಯಾಚೆಯ ಹತ್ತಿ ಗಿರಣಿಯಲ್ಲಿ ಹತ್ತೊಂಬತ್ತು ವರ್ಷ ದುಡಿದವರು. ಆಗ ಅದೆಲ್ಲ ಒಂದೇ ಆಂಧ್ರ. ಗಿರಣಿ ಮುಚ್ಚಿತು, ರಾಜ್ಯ ಎರಡಾಯಿತು, ಹೋದ ವರ್ಷ ಪಂಪಣ್ಣ ತೀರಿಕೊಂಡರು. ಹೆಂಡತಿಗೆ ಬರಬೇಕಾದ ಪಿಂಚಣಿ ಕೇಳಿದರೆ, ತೆಲಂಗಾಣದ ಕಡೆಯವರು ಹಳೆಯ ಕಡತ ಆಂಧ್ರದಲ್ಲಿದೆ ಎನ್ನುತ್ತಾರೆ. ಆಂಧ್ರದ ಕಡೆಯವರು ಆ ಊರೇ ಈಗ ನಮ್ಮದಲ್ಲ ಎನ್ನುತ್ತಾರೆ.

ಇವತ್ತು ಅವರೆದುರೇ ತೆಲಂಗಾಣದ ಕಚೇರಿಗೆ ಫೋನ್ ಮಾಡಿದೆ. ಆಚೆಯವರು ತೆಲುಗಿನಲ್ಲಿ ಎರಡು ಮಾತಾಡಿ ಇಟ್ಟುಬಿಟ್ಟರು.

“ಏನಂತಾರವ್ವಾ?”

“ಆ ಕಡೆ ಕೇಳ್ರಿ ಅಂತಾರ್ರೀ.”

ಹೊನ್ನೂರಮ್ಮ ವಾಪಸ್ ಬಂದ ಅರ್ಜಿಯನ್ನು ಮಡಚಿದರು. “ನಮ್ಮ ಮನೆಯವರು ಆ ಕಡೆ, ಈ ಕಡೆ ಹೋದವರಲ್ಲವ್ವಾ. ಒಂದ ಮಷೀನಿನ ಮುಂದ ನಿಂತು ದುಡದಾರ. ಅದಕ್ಕ ಎರಡು ಬೆರಳು ಕೊಟ್ಟಾರ.”

ಅರ್ಜಿಯಲ್ಲಿ ರಾಜ್ಯ ಆರಿಸುವ ಖಾನೆ ಒಂದೇ ಇದೆ. ಎರಡೂ ಹೆಸರು ಒಂದೊಂದಾಗಿ ಹಾಕಿ ನೋಡಿದ್ದಾಯಿತು. ಇನ್ನು ಯಾರನ್ನು ಕೇಳಬೇಕೋ ನನಗೂ ಗೊತ್ತಿಲ್ಲ. ಆದರೂ ಬಾಯಿಂದ ಬಂದದ್ದು, “ಸೋಮವಾರ ಬರ್ರಿ, ಮತ್ತ ಹಾಕೋಣು.”

“ನೀ ಹೇಳಾಕತ್ತಿ ಅಂದ್ರ ಆಗತೈತಿ ಬಿಡು,” ಎಂದು ನನ್ನ ಕೈ ಹಿಡಿದು ಎದ್ದರು.

ಆಗುತ್ತದೆ ಎಂದು ನಾನು ಹೇಳಿರಲಿಲ್ಲ. ಆಗುವುದಿಲ್ಲ ಎನ್ನುವ ಧೈರ್ಯವೂ ಬರಲಿಲ್ಲ. ಸೋಮವಾರ ಅವರು ಬಸ್ಸಿಳಿದು ಬಂದು ನನ್ನ ಮುಖ ನೋಡಿದಾಗ ನಾನು ಯಾವ ರಾಜ್ಯದ ಹೆಸರು ಹಾಕಲಿ?