ಎತ್ತರದ ಹುಡುಗಿ

ಶಿರಗುಪ್ಪಿಯ ಈರವ್ವ ಅತ್ತೆಯವರಿಗೆ ಸೊಸೆ ತುಳಸಾಳ ಶರಣು.

ಫೋನಿನಲ್ಲಾದರೆ ನಾವಿಬ್ಬರೂ ಜಗಳಕ್ಕೇ ಬೀಳುತ್ತೇವೆ, ಅದಕ್ಕೇ ಈ ಕಾಗದ. ಓದಿ ಹೇಳುವ ಮಾವನವರೇ, ನಡುವೆ ಒಂದು ಸಾಲನ್ನೂ ನುಂಗಬೇಡಿ.

ಗೌರಿ ಹುಣ್ಣಿಮೆಗೆ ವಾಣಿಶ್ರೀಯನ್ನು ಊರಿಗೆ ಕಳಿಸು ಎಂದಿದ್ದೀರಿ. ನಿಮ್ಮ ಮಗ ಆಗಲೇ ಚೀಲ ಹೊರತೆಗೆದಿದ್ದಾರೆ. ಧೈರ್ಯ ಬಾರದವಳು ನಾನೇ. ಏಳು ವರ್ಷದ ಕೂಸಿನ ಬಣ್ಣ, ಗುಂಗುರು ಕೂದಲು ನೋಡಿ ಊರ ಹೆಂಗಸರು ಏನೆನ್ನುತ್ತಾರೋ! ಹಳಿಯಾಳದ ಕಡೆಯ ಸಿದ್ದಿಯರ ಮಗಳು ನಾನು, ಆ ಮಾತುಗಳ ರುಚಿ ಬಲ್ಲೆ. ನೀವೂ ಬಡಿಸಿದವರೇ ಅಲ್ಲವೇ?

ಆಸ್ಪತ್ರೆಯಲ್ಲಿ ಕೂಸನ್ನು ಎತ್ತಿಕೊಂಡು, "ಅಯ್ಯ ಶಿವನ! ಇಷ್ಟು ಕರಿ ಕೂಸು ನಮ್ಮ ಮನ್ಯಾಗ ಹುಟ್ಟಿದ್ದ ಇಲ್ಲ" ಅಂದಿರಿ. ಹಸಿ ಬಾಣಂತಿ ನಾನು, ಮಲಗಿದಲ್ಲಿಂದಲೇ "ಈಗ ಹುಟ್ಟೇತಲ್ರೀ, ನೋಡ್ಕೋರಿ" ಅಂದೆ. ಆಮೇಲೆ ಬಂದಾಗಲೆಲ್ಲ ಕಡಲೆಹಿಟ್ಟು, ಅರಿಶಿನ ಹಚ್ಚಿ ಅವಳನ್ನು ತಿಕ್ಕಿದ್ದೇ ತಿಕ್ಕಿದ್ದು. ನಾನು ಕೂಗಾಡಿದರೂ ಕೇಳಲಿಲ್ಲ. ಕೊನೆಗೆ ನಾಲ್ಕು ವರ್ಷದ ಅವಳೇ ನಿಮ್ಮ ಕೈ ಹಿಡಿದು, "ಆಯಿ, ಇದು ಹೊಲಸಲ್ಲ. ಇದು ನಾನು" ಅಂದಳು. ಬಚ್ಚಲ ಬಾಗಿಲಲ್ಲಿ ನಿಂತಿದ್ದ ನನಗೆ ಮೈ ಜುಮ್ಮೆಂದಿತು. ಅಷ್ಟು ಸಣ್ಣ ಬಾಯಿಗೆ ಅಂಥ ಮಾತು ಎಲ್ಲಿಂದ ಬಂತು? ನೀವು ಹಿಟ್ಟಿನ ಬಟ್ಟಲು ಬದಿಗಿಟ್ಟು ಬರೀ ನೀರು ಹಾಕಿದಿರಿ. ಮತ್ತೆಂದೂ ತಿಕ್ಕಲಿಲ್ಲ.

ಇನ್ನು ಇಲ್ಲಿ ಧಾರವಾಡದಲ್ಲಿ ನಮ್ಮ ಮನೆಯ ಮಾಲಕಿ ತಾರಾಬಾಯಿ. ಎಂಥ ಸಕ್ಕರೆ ಮಾತು! "ನಮ್ಮಲ್ಲಿ ಬಣ್ಣಾ ಗಿಣ್ಣಾ ಯಾರೂ ನೋಡಂಗಿಲ್ರಿ" ಎನ್ನುವವರು. ಹೋದ ಗೌರಿ ಹುಣ್ಣಿಮೆಗೆ ಓಣಿಯ ಹುಡುಗಿಯರೆಲ್ಲ ಸಕ್ಕರೆ ಗೊಂಬೆಗಳ ಆರತಿ ತಟ್ಟೆ ಹಿಡಿದು ಅವರ ಅಂಗಳದಲ್ಲಿ ಫೋಟೋಕ್ಕೆ ನಿಂತರು. ತಾರಾಬಾಯಿ ವಾಣಿಯ ಗಲ್ಲ ಸವರಿ, "ನೀ ಎತ್ತರ ಇದ್ದಿ ತಂಗಿ, ಹಿಂದ ನಿಂದರು" ಅಂದರು. ಇವಳು ಹಿಗ್ಗಿ ಹಿಂದೆ ಹೋದಳು. ಅಷ್ಟೂ ಹುಡುಗಿಯರಲ್ಲಿ ಎಲ್ಲರಿಗಿಂತ ಗಿಡ್ಡ ಇವಳೇ! ಫೋಟೋದಲ್ಲಿ ಇವಳ ರಿಬ್ಬನ್ನೂ ಕಾಣಲಿಲ್ಲ. ಯಾವ ಮಾತು ಹಿಡಿದು ಜಗಳ ಆಡಲಿ?

ಹಬ್ಬಕ್ಕೆ ಬಂದಿದ್ದ ನೀವು ಸೆರಗು ಸಿಗಿಸಿ ಎದ್ದಿರಿ. "ತಾರಾಬಾಯಾರ, ಕೂಸು ಎಲ್ಲಾರಕಿಂತ ಗಿಡ್ಡ ಐತ್ರಿ. ಕರ್ರಗ ಐತಿ ಅಂತ ಬಾಯಿಬಿಟ್ಟು ಅನ್ರಿ. ನಾನೂ ಅಂದಾಕಿನ, ಅದರ ಕಡಿಂದ ಉತ್ತರಾನೂ ಕೇಳೇನಿ. ನೀವು ಹಿಂಗ ಮುಚ್ಚಿಟ್ರ ಕೂಸು ಹೆಂಗ ಉತ್ತರ ಕೊಡಬೇಕ್ರಿ?"

ಅವರು ನಗುತ್ತಲೇ ಒಳಗೆ ಹೋದರು. ವಾಣಿ ಮಾತ್ರ ಮುಖ ಸಣ್ಣದು ಮಾಡಿ, "ಹಂಗಾರ ನಾ ಎತ್ತರ ಇಲ್ಲೇನ ಆಯಿ?" ಅಂದಳು. ನೀವು ಅವಳನ್ನು ಎದೆಗೆ ಅವುಚಿಕೊಂಡು ಅತ್ತಿರಿ. ನಿಮ್ಮ ಕಣ್ಣೀರು ನಾನು ನೋಡಿದ್ದು ಅಂದೇ. ಅಷ್ಟು ವರ್ಷ ನಾನು ಒಳಗೊಳಗೇ ಶಪಿಸಿದ ಹೆಂಗಸು ಇವರೇನಾ ಎಂದು ಬೆರಗಾಗಿ ನಿಂತುಬಿಟ್ಟೆ. ಮನುಷ್ಯರು ಇಷ್ಟು ಬದಲಾಗುತ್ತಾರೆಯೇ ಅತ್ತೆ? ಆ ಬೆರಗು ಇನ್ನೂ ಇಳಿದಿಲ್ಲ.

ಹಾಗಾಗಿ ಕಳಿಸುತ್ತಿದ್ದೇನೆ. ಕರಿ ಹುಡುಗಿ ಎಂದು ಎದುರಿಗೇ ಅಂದವರಿಗೆ ಅವಳೇ ಉತ್ತರ ಕೊಡಲಿ, ನೀವು ಪಕ್ಕದಲ್ಲಿದ್ದರೆ ಸಾಕು. ಗಲ್ಲ ಸವರಿ ಹಿಂದೆ ಕಳಿಸುವವರು ಬಂದರೆ ಮಾತ್ರ ಸೆರಗು ಸಿಗಿಸಿ. ಅಂಥವರನ್ನು ಗುರುತಿಸುವುದನ್ನೂ ಅವಳಿಗೆ ಕಲಿಸಿ, ನನಗೆ ಇನ್ನೂ ಸರಿಯಾಗಿ ಬಂದಿಲ್ಲ.

ಆರತಿಗೆ ಮುಂದಿನ ಸಾಲಿನಲ್ಲೇ ನಿಲ್ಲಿಸಿ ಅತ್ತೆ. ನಮ್ಮ ಹುಡುಗಿ ಗಿಡ್ಡ ಇದ್ದಾಳೆ.

ಗೌರಿ ನಿಮ್ಮನ್ನು ನೂರು ವರ್ಷ ಗಟ್ಟಿಯಾಗಿಡಲಿ, ನಿಮ್ಮ ಬಾಯನ್ನೂ.

ನಿಮ್ಮ ಜಗಳಗಂಟಿ ಸೊಸೆ,
ತುಳಸಾ